ಡ್ರಮ್ ಮೈಕ್‌ಗಳ ಹೋಲಿಕೆ: ಸ್ನೇರ್ ಮೈಕ್‌ನಲ್ಲಿ ಹೈ-ಹ್ಯಾಟ್ ಹೇಗೆ ಕೇಳುತ್ತದೆ?

ಡ್ರಮ್ ಮೈಕ್ ಹೋಲಿಕೆ ಅಂದ್ರೆ ಸಾಮಾನ್ಯವಾಗಿ ಸ್ನೇರ್ (ಚಟ್ ಅಂತ ಸದ್ದು ಮಾಡುವ ಚಪ್ಪಟೆ ಡ್ರಮ್) ಮುಂದೆ ಒಂದೊಂದೇ ಮೈಕ್ ಇಟ್ಟು, ಬರೀ ಸ್ನೇರ್ ಬಾರಿಸಿ, ಯಾವುದು ಚೆನ್ನಾಗಿದೆ ಅಂತ ಕೇಳುತ್ತಾರೆ. ನಾನು ಬೇರೆ ಥರ ಮಾಡಿದೆ. ಡ್ರಮ್ಮರ್‌ಗೆ ಪೂರ್ತಿ ಬೀಟ್ ಬಾರಿಸಲು ಹೇಳಿ, ಸ್ನೇರ್ ಮೈಕ್‌ನಲ್ಲಿ ಪಕ್ಕದ ಹೈ-ಹ್ಯಾಟ್ (ಪೆಡಲ್ ಮೇಲಿನ ಜೋಡಿ ತಾಳ) ಹೇಗೆ ಕೇಳುತ್ತದೆ, ಟಾಮ್ (ಆಳದ ಸದ್ದಿನ ಡ್ರಮ್) ಮೈಕ್‌ನಲ್ಲಿ ಸಿಂಬಲ್ (ಲೋಹದ ತಟ್ಟೆ) ಹೇಗೆ ಕೇಳುತ್ತದೆ ಅಂತ ಗಮನಿಸಿದೆ. ಸ್ನೇರ್ ಸದ್ದು ಸ್ವಲ್ಪ ಮಂಕಾಗಿದ್ದರೆ ಇಕ್ಯೂ (ಬೇರೆ ಬೇರೆ ಎತ್ತರದ ಸ್ವರಗಳನ್ನು ಏರಿಳಿಸುವ ಸಾಧನ) ಇದೆ. ಅದರ ಜೊತೆ ಬೆರೆತ ಹ್ಯಾಟ್ ಸದ್ದನ್ನು ತೆಗೆಯುವುದು ಕಷ್ಟ. ಸ್ನೇರ್‌ಗೆ ಅಂತ 5 ಕಿಲೋಹರ್ಟ್ಸ್ ಸುತ್ತ ಏರಿಸಿದರೆ ಹ್ಯಾಟ್ ಕೂಡ ಏರುತ್ತದೆ. ಜೋರು ಸದ್ದನ್ನು ತಗ್ಗಿಸುವ ಕಂಪ್ರೆಸರ್ ಹಾಕಿದರೆ ಎರಡು ಹೊಡೆತಗಳ ನಡುವೆ ಹ್ಯಾಟ್ ಇನ್ನೂ ಮೇಲೆದ್ದು ಬರುತ್ತದೆ.

ಹೋಲಿಸುವಾಗ ಕಿಟ್, ಟ್ಯೂನಿಂಗ್, ಪ್ರೀಆಂಪ್ (ಮೈಕ್‌ನ ಸದ್ದನ್ನು ಏರಿಸಿಕೊಡುವ ಸಾಧನ) ಎಲ್ಲ ಒಂದೇ. ಎಲ್ಲ ಮೈಕ್‌ಗಳ ಮಟ್ಟವನ್ನೂ ಸರಿಸಮ ಮಾಡಿಕೊಂಡೇ ಕೇಳಬೇಕು. ಜೋರಾಗಿ ಕೇಳುವ ಮೈಕ್ ಯಾವಾಗಲೂ ಚೆನ್ನಾಗಿರುವಂತೆ ಅನಿಸುತ್ತದೆ.

ಸ್ನೇರ್‌ನಿಂದ ಶುರು ಮಾಡೋಣ, ಜಗಳ ಇರುವುದೇ ಅಲ್ಲಿ. ಒಂದು ಕಡೆ ಶೂರ್ ಎಸ್ಎಂ57. 1965ರಿಂದ ಇರುವ ಮೈಕ್, ಬಹುತೇಕ ಎಲ್ಲ ಸ್ಟುಡಿಯೋಗಳಲ್ಲೂ ಸಿಗುತ್ತದೆ. ಇನ್ನೊಂದು ಕಡೆ ಬೇಯರ್‌ಡೈನಾಮಿಕ್ ಎಂ201. ಎರಡೂ ಡೈನಾಮಿಕ್, ಅಂದ್ರೆ ತಂತಿ ಸುರುಳಿ ಅಲುಗಿ ಸದ್ದು ಹಿಡಿಯುವ ಬಗೆ. ಸ್ನೇರ್ ಒಂಟಿಯಾಗಿ ಕೇಳಿದಾಗ ನನಗೆ 57 ಇಷ್ಟವಾಯಿತು. ಕೋಲಿನ ಏಟು ಮುಂದೆ ಬರುತ್ತದೆ, ಮಧ್ಯದ ಸ್ವರಗಳು ಗಟ್ಟಿ. ಎಂ201 ಅದರ ಪಕ್ಕದಲ್ಲಿ ಸ್ವಲ್ಪ ಸಪ್ಪೆ ಅನಿಸಿತು. ಪೂರ್ತಿ ಬೀಟ್ ಶುರುವಾದಾಗ ಲೆಕ್ಕ ತಿರುಗಿತು. 57ರೊಳಗೆ ಬರುವ ಹ್ಯಾಟ್ ಒರಟಾಗಿ, ಚೂರು ಚೂರಾಗಿ ಕೇಳುತ್ತಿತ್ತು. ಎಂ201ನಲ್ಲಿ ಹ್ಯಾಟ್ ಕಡಿಮೆ, ಬಂದದ್ದೂ ಹ್ಯಾಟ್ ಥರವೇ ಇತ್ತು.

ಇದಕ್ಕೆ ಕಾರಣ ಪ್ಯಾಟರ್ನ್, ಅಂದ್ರೆ ಮೈಕ್ ಯಾವ ದಿಕ್ಕಿನಿಂದ ಎಷ್ಟು ಕೇಳಿಸಿಕೊಳ್ಳುತ್ತದೆ ಅನ್ನುವುದು. 57 ಕಾರ್ಡಿಯಾಯ್ಡ್, ಅದು ಅತಿ ಕಡಿಮೆ ಕೇಳಿಸಿಕೊಳ್ಳುವುದು ನೇರ ಹಿಂದಿನಿಂದ. ಎಂ201 ಹೈಪರ್‌ಕಾರ್ಡಿಯಾಯ್ಡ್. ಆ ಪ್ಯಾಟರ್ನ್‌ನ ಕಿವುಡು ಜಾಗ ಹಿಂದೆ ಇಲ್ಲ, ಪಕ್ಕದಿಂದ ತುಸು ಹಿಂದಕ್ಕೆ, ಮುಂಭಾಗದಿಂದ ಸುಮಾರು 110 ಡಿಗ್ರಿಯಲ್ಲಿದೆ. ಸ್ನೇರ್ ಮೈಕ್ ಇಟ್ಟಾಗ ಹ್ಯಾಟ್ ಬಹುತೇಕ ಪಕ್ಕದಲ್ಲೇ ಇರುತ್ತದೆ ಅಲ್ವಾ? ಆ ಕಿವುಡು ಜಾಗವನ್ನು ಹ್ಯಾಟ್ ಕಡೆಗೆ ತಿರುಗಿಸಿಟ್ಟರೆ ಕೆಲಸ ಮುಗಿಯಿತು. ಆದರೆ ಹೈಪರ್‌ಕಾರ್ಡಿಯಾಯ್ಡ್ ಹಿಂದಿನಿಂದಲೂ ಸ್ವಲ್ಪ ಕೇಳಿಸಿಕೊಳ್ಳುತ್ತದೆ, ಹಾಗಾಗಿ ಮೈಕ್‌ನ ಬೆನ್ನಿಗೇ ಸಿಂಬಲ್ ಬಾರದಂತೆ ನೋಡಿಕೊಳ್ಳಬೇಕು. ಸ್ನೇರ್ ಮೇಲೆ ಸಣ್ಣ ಕಂಡೆನ್ಸರ್ (ಸೂಕ್ಷ್ಮ ಸದ್ದನ್ನೂ ಹಿಡಿಯುವ ಬಗೆಯ ಮೈಕ್) ಕೂಡ ಇಟ್ಟು ನೋಡಿದೆ. ಬ್ರಷ್ ಕೆಲಸಕ್ಕೆ, ಮೆತ್ತನೆಯ ಹೊಡೆತಗಳಿಗೆ ಸೊಗಸು. ರಾಕ್ ಬೀಟ್‌ಗೆ ಬೇಡ, ಅದು ದುಬಾರಿ ಹ್ಯಾಟ್ ಮೈಕ್ ಆಗಿಬಿಡುತ್ತದೆ.

ಹ್ಯಾಟ್ ಮೆತ್ತಗೆ, ಸ್ನೇರ್ ಗಟ್ಟಿಯಾಗಿ ಬಾರಿಸುವ ಡ್ರಮ್ಮರ್ ಇದ್ದರೆ 57 ಸಾಕು. ಉಳಿದವರಿಗೆ ನಾನು ಎಂ201 ತೆಗೆಯುತ್ತೇನೆ.

ಕಿಕ್‌ನಲ್ಲಿ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಈ ಸಮಸ್ಯೆ ಕಡಿಮೆ, ಮೈಕ್ ಡ್ರಮ್ ಒಳಗೇ ಅಥವಾ ಅದರ ಮುಂದಿನ ಹೊದಿಕೆಯ ತೂತಿನ ಬಾಯಲ್ಲೇ ಇರುತ್ತದೆ. ಇಲ್ಲಿ ಸುಮ್ನೆ ರುಚಿಯ ಪ್ರಶ್ನೆ. ಆಡಿಕ್ಸ್ ಡಿ6 ಇಸ್ತ್ರಿ ಮಾಡಿಕೊಂಡೇ ಬರುವ ಬಟ್ಟೆ. ತಳ (ಬಾಸ್) ಜಾಸ್ತಿ, ಬೀಟರ್‌ನ (ಪೆಡಲ್‌ನ ಸುತ್ತಿಗೆ) ಟಿಕ್ ಜಾಸ್ತಿ, ಮಧ್ಯದ ಸ್ವರಗಳನ್ನು ಮೈಕೇ ಇಳಿಸಿಬಿಟ್ಟಿದೆ. ಮೆಟಲ್‌ಗೆ, ವೇಗದ ಡಬಲ್ ಪೆಡಲ್‌ಗೆ ಹೇಳಿ ಮಾಡಿಸಿದಂತಿದೆ. ಆದರೆ ಇಳಿಸಿದ್ದನ್ನು ಮತ್ತೆ ಏರಿಸಲು ಹೋದರೆ ಚೆನ್ನಾಗಿ ಬರಲ್ಲ. ಎಕೆಜಿ ಡಿ112ನಲ್ಲಿ ಮಧ್ಯದ ಸದ್ದು ಉಳಿದಿರುತ್ತದೆ. ಅದರಲ್ಲಿ ಡ್ರಮ್‌ನ ಮರ ಕೇಳುತ್ತದೆ. ಕೇಳಿದ ತಕ್ಷಣ ಮರುಳಾಗುವಂಥ ಸದ್ದಲ್ಲ, ಬಾಸ್ ಗಿಟಾರ್ ಜೊತೆ ಕೂತಾಗ ಬೆಲೆ ಗೊತ್ತಾಗುತ್ತದೆ. ಶೂರ್ ಬೀಟಾ 52ಎ ಇವೆರಡರ ನಡುವೆ. ಎಲೆಕ್ಟ್ರೋ-ವಾಯ್ಸ್ ಆರ್‌ಇ20ನದು ಬೇರೆಯೇ ಗುಣ. ಹತ್ತಿರ ಒಯ್ದಷ್ಟೂ ತಳ ಉಬ್ಬುವುದು ಬೇರೆ ಡೈನಾಮಿಕ್ ಮೈಕ್‌ಗಳ ಸ್ವಭಾವ, ಇದರಲ್ಲಿ ಅದು ತುಂಬಾ ಕಡಿಮೆ. ಜಾಗ ಬದಲಿಸಿದಾಗ ಕೇಳುವುದು ಡ್ರಮ್‌ನ ಬದಲಾವಣೆ. ನನ್ನ ಆಯ್ಕೆ ಡಿ112. ಬೀಟರ್ ಹತ್ತಿರ ಸರಿಸಿದರೆ ಟಿಕ್, ತೂತಿನ ಕಡೆ ಎಳೆದರೆ ಮೈ. ಕೈಯಳತೆ ಜಾಗ ಬದಲಿಸಿದರೆ ಮೈಕ್ ಬದಲಿಸಿದಷ್ಟೇ ವ್ಯತ್ಯಾಸ ಬರುತ್ತದೆ.

ಟಾಮ್‌ಗೆ ಸೆನ್‌ಹೈಸರ್ ಮನೆಯವೇ ಎರಡು: ಎಂಡಿ 421 ಮತ್ತು ಇ604. 421 ದೊಡ್ಡ ಮೈಕ್, ತಳ ಇಳಿಸಲು ಬುಡದಲ್ಲಿ ಐದು ಹಂತದ ಸ್ವಿಚ್ ಇದೆ, ಸ್ಟ್ಯಾಂಡ್ ಬೇಕು. 604 ಪುಟಾಣಿ, ರಿಮ್‌ಗೆ ಕ್ಲಿಪ್ ಹಾಕಿದರೆ ಆಯಿತು. ಸದ್ದಿನಲ್ಲಿ 421 ಗೆಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. ಟಾಮ್‌ನ ಆಳವೂ ಏಟೂ ಒಟ್ಟಿಗೆ ಬರುತ್ತವೆ. ಆದರೆ ಸಿಂಬಲ್‌ಗಳನ್ನು ತಗ್ಗಿಸಿಟ್ಟುಕೊಳ್ಳುವ ಡ್ರಮ್ಮರ್‌ಗಳು ಇದ್ದಾರೆ. ಅಲ್ಲಿ 421ನ ಉದ್ದ ಮೈ ಸಿಂಬಲ್‌ನ ಹೊಟ್ಟೆಗೇ ತಾಗುವಷ್ಟು ಹತ್ತಿರ ಹೋಗುತ್ತದೆ. 604 ರಿಮ್ ಪಕ್ಕದಲ್ಲಿ ತಗ್ಗಿ ಕೂರುವುದರಿಂದ ಸಿಂಬಲ್ ದೂರ ಉಳಿಯುತ್ತದೆ. ಹಾಗಾಗಿ ರ‍್ಯಾಕ್ ಟಾಮ್‌ಗೆ 604, ಫ್ಲೋರ್ ಟಾಮ್‌ಗೆ (ನೆಲದ ಮೇಲೆ ನಿಲ್ಲುವ ದೊಡ್ಡ ಟಾಮ್) 421 ಇಡುತ್ತೇನೆ. ಎಲ್ಲ ಟಾಮ್‌ಗೂ ಒಂದೇ ಥರದ ಮೈಕ್ ಬೇಕು ಅನ್ನುವವರಿಗೆ ಇದು ಹಿಡಿಸಲ್ಲ.

ಈಗ ಓವರ್‌ಹೆಡ್, ಅಂದ್ರೆ ಕಿಟ್ ಮೇಲೆ ಇಡುವ ಮೈಕ್ ಜೋಡಿ. ಕೈಯಲ್ಲಿರುವ ದುಡ್ಡಿನ ದೊಡ್ಡ ಪಾಲು ಇಲ್ಲಿಗೇ ಹೋಗಲಿ, ಪೂರ್ತಿ ಕಿಟ್‌ನ ಚಿತ್ರ ಬರುವುದು ಇಲ್ಲಿಂದಲೇ. ನಾಯ್‌ಮನ್ ಕೆಎಂ184 ಜೋಡಿಯಲ್ಲಿ ಸಿಂಬಲ್ ಹೊಳೆಯುತ್ತದೆ, ಸ್ನೇರ್ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಬಹುದು. ಆದರೆ ಸಿಂಬಲ್ ಅಗ್ಗದ್ದಾಗಿದ್ದರೆ ಅದನ್ನೂ ಅಷ್ಟೇ ಸ್ಪಷ್ಟವಾಗಿ ತೋರಿಸುತ್ತದೆ. ಎಕೆಜಿ ಸಿ414ನಲ್ಲಿ ಟಾಮ್‌ಗಳು ಇನ್ನಷ್ಟು ತುಂಬಿ ಬಂದವು. ಪ್ಯಾಟರ್ನ್ ಬದಲಿಸುವ ಸೌಕರ್ಯವೂ ಇದೆ. ಕೋಲ್ಸ್ 4038 ರಿಬ್ಬನ್ ಮೈಕ್, ತೆಳು ಲೋಹದ ಪಟ್ಟಿಯಿಂದ ಸದ್ದು ಹಿಡಿಯುವಂಥದ್ದು. ಅದು ಸಿಂಬಲ್‌ನ ಚೂಪನ್ನು ಮೊಂಡು ಮಾಡುತ್ತದೆ, ಕಿಟ್ ಇಡಿಯಾಗಿ ದಪ್ಪಗೆ ಕೇಳುತ್ತದೆ. ನನಗೆ ಅತಿ ಇಷ್ಟವಾದ ಸದ್ದು ಇದೇ. ಆದರೆ ಅದು ಫಿಗರ್ 8 ಪ್ಯಾಟರ್ನ್, ಕೆಳಗಿನ ಕಿಟ್‌ನಷ್ಟೇ ಮೇಲಿನ ಚಾವಣಿಯನ್ನೂ ಕೇಳಿಸಿಕೊಳ್ಳುತ್ತದೆ. ಚಾವಣಿ ತಗ್ಗಾಗಿರುವ ಕೋಣೆಯಲ್ಲಿ ಡಬ್ಬದೊಳಗಿನ ಸದ್ದಾಯಿತು. ಅಂಥ ಕಡೆ 414ನ್ನೇ ಕಾರ್ಡಿಯಾಯ್ಡ್‌ನಲ್ಲಿ ಇಡುತ್ತೇನೆ.

ಯಾವ ಮೈಕ್ ಆದರೂ ಸ್ನೇರ್‌ನ ನಡುವಿನಿಂದ ಎರಡೂ ಓವರ್‌ಹೆಡ್‌ಗಳಿಗೆ ದಾರ ಹಿಡಿದು ದೂರ ಸರಿಸಮ ಮಾಡಿ. ಸದ್ದು ಒಂದು ಮಿಲಿಸೆಕೆಂಡ್‌ಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ದೂರ ಹೆಚ್ಚುಕಮ್ಮಿಯಾದರೆ ಸ್ನೇರ್ ನಡುವಿನಿಂದ ಜಾರುತ್ತದೆ, ಸಪೂರವಾಗುತ್ತದೆ. ಆಮೇಲೆ ಸ್ನೇರ್ ಮೈಕ್‌ನ ಪೋಲಾರಿಟಿ ಬಟನ್ (ಸದ್ದಿನ ಅಲೆಯನ್ನು ತಲೆಕೆಳಗು ಮಾಡುವುದು) ಒತ್ತಿ ನೋಡಿ, ತಳ ಜಾಸ್ತಿ ಕೇಳುವ ಕಡೆ ಬಿಡಿ.

ರೆಕಾರ್ಡ್ ಮಾಡಲು ನಾಲ್ಕೇ ಮೈಕ್ ಇನ್‌ಪುಟ್ ಇದ್ದರೆ ಇಂಗ್ಲೆಂಡಿನ ಎಂಜಿನಿಯರ್ ಗ್ಲಿನ್ ಜಾನ್ಸ್ ಅವರ ಹೆಸರಿನ ವಿಧಾನ ನೋಡಿ. ಒಂದು ಮೈಕ್ ಕಿಟ್ ಮೇಲೆ, ಇನ್ನೊಂದು ಫ್ಲೋರ್ ಟಾಮ್ ಪಕ್ಕದಿಂದ ಹ್ಯಾಟ್ ಕಡೆಗೆ, ಎರಡೂ ಸ್ನೇರ್‌ನಿಂದ ಒಂದೇ ದೂರ. ಜೊತೆಗೆ ಕಿಕ್‌ಗೊಂದು, ಸ್ನೇರ್‌ಗೊಂದು. ಟಾಮ್ ಮೈಕ್ ಖರ್ಚು ಉಳಿಯಿತು, ಅದನ್ನು ಓವರ್‌ಹೆಡ್‌ಗೆ ಸೇರಿಸಿ.