ಪವರ್‌ಟ್ರಾನಿಕ್ ಪಿಗ್ಗಿಬ್ಯಾಕ್ ಇಸಿಯು: ಹಾಕಿಸುವ ಮುಂಚೆ ಓದಿ

ಬೆಂಗಳೂರಿನ ರೇಸ್ ಡೈನಮಿಕ್ಸ್ ಮಾಡುವ ಈ ಪೆಟ್ಟಿಗೆ ಬೈಕಿನ ಮೂಲ ಇಸಿಯುವನ್ನು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕಿತ್ತುಹಾಕುವುದಿಲ್ಲ. ಅದಕ್ಕೂ ಎಂಜಿನ್ನಿಗೂ ನಡುವೆ ಕೂತು ಸಿಗ್ನಲ್ ತಿದ್ದುತ್ತದೆ. ಪೆಟ್ರೋಲಿನ ಜೊತೆ ಇಗ್ನಿಷನ್ ಟೈಮಿಂಗನ್ನೂ (ಪ್ಲಗ್ ಕಿಡಿ ಹಾರಿಸುವ ಕ್ಷಣ) ತಿದ್ದುವುದೇ ಇದರ ದೊಡ್ಡ ಬಲ. ಬರೀ ಫ್ಯುಯಲ್ ಹೆಚ್ಚಿಸುವ ಅಗ್ಗದ ಡಬ್ಬಿಗಳಲ್ಲಿ ಇದು ಸಿಗದು.

ಹಳೆಯ 373 ಸಿಸಿ ಕೆಟಿಎಂ 390 ಡ್ಯೂಕ್‌ನಂಥ ಬೈಕಿಗೆ ವೈರ್ ಕತ್ತರಿಸುವ ಕೆಲಸವಿಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕ್ರ್ಯಾಂಕ್ ಸೆನ್ಸರ್, ಟಿಪಿಎಸ್ (ಥ್ರಾಟಲ್ ಎಷ್ಟು ತೆರೆದಿದೆ ಎಂದು ತಿಳಿಸುವ ಸೆನ್ಸರ್), ಇಂಜೆಕ್ಟರ್, ಕಾಯಿಲ್‌ಗಳ ಕಪ್ಲರ್‌ಗಳ (ವೈರ್ ಜೋಡಿಸುವ ಪ್ಲಗ್) ನಡುವೆ ಪೆಟ್ಟಿಗೆಯ ಹಾರ್ನೆಸ್ (ವೈರ್ ಕಟ್ಟು) ಸೇರಿಸಿ, ಅರ್ತ್ ವೈರನ್ನು ಬಿಗಿ ಮಾಡಿ. ಹಾರ್ನೆಸ್ ಸೈಲೆನ್ಸರ್ ಪೈಪಿಗೆ ತಾಗಬಾರದು. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಎಳೆಯಲೂಬಾರದು.

ಹೆಚ್ಚಿನವರು ಎಡವುವುದು ಟಿಪಿಎಸ್ ಕ್ಯಾಲಿಬ್ರೇಷನ್‌ನಲ್ಲಿ. ಪೆಟ್ಟಿಗೆಯ ಆರ್-ಟ್ಯೂನ್ ಸಾಫ್ಟ್‌ವೇರ್‌ನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿದ ಮತ್ತು ತೆರೆದ ಮಟ್ಟಗಳನ್ನು ದಾಖಲಿಸದಿದ್ದರೆ ಮ್ಯಾಪಿನ (ಇಂಧನ, ಟೈಮಿಂಗ್ ಎಷ್ಟೆಂದು ಹೇಳುವ ಕೋಷ್ಟಕ) ತಪ್ಪು ಕೋಶದಿಂದ ಲೆಕ್ಕ ಬರುತ್ತದೆ. ಆಗ ಕಡಿಮೆ ಥ್ರಾಟಲ್‌ನಲ್ಲಿ ಬೈಕ್ ಜರ್ಕ್ ಹೊಡೆಯುತ್ತದೆ, ಬೈಗುಳ ಮಾತ್ರ ಪೆಟ್ಟಿಗೆಗೆ!

ಎರಡು ಮ್ಯಾಪ್ ಇಟ್ಟುಕೊಂಡು ಸ್ವಿಚ್‌ನಿಂದ ಬದಲಿಸಬಹುದು. ಎಕ್ಸಾಸ್ಟ್, ಏರ್ ಫಿಲ್ಟರ್ ಬದಲಿಸದ ಬೈಕಿಗೆ, ಅವನ್ನು ಬದಲಿಸಿದ ಬೈಕಿಗೆಂದೇ ಬರೆದ ಮ್ಯಾಪ್ ಹಾಕಬೇಡಿ. ಪ್ಲಗ್ ಕಪ್ಪಾಗಿ ಮೈಲೇಜ್ ಬೀಳುತ್ತದೆ. ಕಿಡಿ ಬೇಗ ಹಾರುವಂತೆ ಟೈಮಿಂಗ್ ಮುಂದಿಟ್ಟ ಮ್ಯಾಪಿಗೆ ಕಡಿಮೆ ಆಕ್ಟೇನ್ ಪೆಟ್ರೋಲ್ ಹಾಕಿದರೆ ನಾಕಿಂಗ್ (ಇಂಧನ ಹದ ತಪ್ಪಿ ಸಿಡಿಯುವುದು), ಪಿಸ್ಟನ್ನಿಗೇ ಅಪಾಯ.

ಇನ್ನೊಂದು ಮಿತಿ: ನಿಧಾನ ಸವಾರಿಯಲ್ಲಿ ಮೂಲ ಇಸಿಯು ಆಕ್ಸಿಜನ್ ಸೆನ್ಸರ್ ನೋಡಿ ಮಿಶ್ರಣವನ್ನು 14.7ರ (ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಇಷ್ಟು ಪಾಲು ಗಾಳಿ) ಸುತ್ತ ಎಳೆದು ತರುತ್ತದೆ, ನೀವು ಸೇರಿಸಿದ ಇಂಧನವನ್ನು ಅದು ಕಳೆಯುತ್ತದೆ. ಪೂರ್ಣ ಥ್ರಾಟಲ್‌ನಲ್ಲಿ ವೈಡ್‌ಬ್ಯಾಂಡ್ (ಈ ಅನುಪಾತ ಅಳೆಯುವ ಸೆನ್ಸರ್) ಓದು 13ರ ಆಸುಪಾಸು ಇದೆಯೇ ಎಂದು ಡೈನೋ (ಬೈಕನ್ನು ನಿಂತಲ್ಲೇ ಓಡಿಸಿ ಪವರ್ ಅಳೆಯುವ ಯಂತ್ರ) ಮೇಲೆ ನೋಡಿಸಿ. ಆ ಖರ್ಚಿಗೆ ಹಿಂಜರಿಯುವವರು ಇದನ್ನು ಕೊಳ್ಳದಿರುವುದೇ ವಾಸಿ.