ಕ್ರ್ಯಾಂಕ್ ಸ್ಪ್ರಾಕೆಟ್ ಕೂರಿಸಲು ಸುತ್ತಿಗೆಯೋ, ಬೋಲ್ಟೋ, ಬಿಸಿ ಎಣ್ಣೆಯೋ?

ಹಳೆಯ ಪೆಟ್ರೋಲ್ ಕಾರಿನ ಟೈಮಿಂಗ್ ಚೈನ್ ಬದಲಿಸುವವರು ಚೈನ್ ಬಗ್ಗೆ, ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಬಗ್ಗೆ ಬೇಕಾದಷ್ಟು ಮಾತಾಡುತ್ತಾರೆ. ಕೆಲಸ ನಿಲ್ಲುವುದು ಮಾತ್ರ ಕ್ರ್ಯಾಂಕಿನ (ಇಂಜಿನ್ನಿನ ತಿರುಗುವ ಮುಖ್ಯ ದಂಡ) ಮೂತಿಗೆ ಹೊಸ ಸ್ಪ್ರಾಕೆಟ್, ಅಂದರೆ ಚೈನ್ ಓಡುವ ಹಲ್ಲಿನ ಚಕ್ರ, ಹಾಕುವ ಹೊತ್ತಿಗೆ. ನನ್ನ ಕಾರಿನಲ್ಲಿ ಆ ಮೂತಿ 35 ಮಿ.ಮೀ. ದಪ್ಪ. ಲೇತ್ ಅಂಗಡಿಯಲ್ಲಿ ಅಳೆಸಿದಾಗ ಸ್ಪ್ರಾಕೆಟ್ಟಿನ ತೂತು ಅದಕ್ಕಿಂತ 0.02 ಮಿ.ಮೀ. ಚಿಕ್ಕದಿತ್ತು. ಕೈಯಲ್ಲಿ ಒತ್ತಿದರೆ ಅಂಚಿಗೇ ನಿಲ್ಲುತ್ತದೆ, ಒಳಗೆ ಹೋಗುವ ಮಾತೇ ಇಲ್ಲ.

ಮನೆ ಇರುವುದು ತೀರ್ಥಹಳ್ಳಿ ಕಡೆ, ಇಂಜಿನ್ ಬಿಚ್ಚಿದ್ದು ಕೊಟ್ಟಿಗೆಯಲ್ಲಿ. ಶಿವಮೊಗ್ಗದ ಗುಜರಿಯಿಂದ ಅದೇ ಅಳತೆಯ ಒಂದು ಹಳೆ ಕ್ರ್ಯಾಂಕ್ ತಂದು ವೈಸ್‌ಗೆ ಕಟ್ಟಿದೆ. ಮೂರು ದಾರಿಗಳನ್ನೂ ಮೊದಲು ಅದರ ಮೇಲೆ ನೋಡಿ, ಆಮೇಲೆ ಇಂಜಿನ್ನಿಗೆ ಕೈ ಹಾಕಿದೆ.

ಯಾವ ದಾರಿ ಹಿಡಿದರೂ ಮೊದಲ ಕೆಲಸ ಒಂದೇ. ಸ್ಪ್ರಾಕೆಟ್ ಮೂತಿಯ ಮೇಲೆ ಜಾರಿ ತಿರುಗದಂತೆ ತಡೆಯುವ ಸಣ್ಣ ಉಕ್ಕಿನ ತುಂಡೇ ಕೀ, ಅದು ಕೂರುವ ತೋಡಿನ ಅಂಚಿನಲ್ಲಿ ಬೆರಳಾಡಿಸಿ. ಉಗುರಿಗೆ ಏನಾದರೂ ಸಿಕ್ಕಿದರೆ ಸಣ್ಣ ಅರದಿಂದ ಉಜ್ಜಿ ತೆಗೆಯಿರಿ. ನಮ್ಮ ಮಳೆಗಾಲದಲ್ಲಿ ಇನ್ನೊಂದು ಕಾಟ ಇದೆ. ಒರೆಸಿಟ್ಟ ಉಕ್ಕಿನ ಮೇಲೆ ಬೆಳಗಾಗುವುದರೊಳಗೆ ತೆಳುವಾಗಿ ತುಕ್ಕು ಕೂತಿರುತ್ತದೆ. ಇಷ್ಟು ಬಿಗಿ ಇರುವಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ. ನುಣುಪು ಎಮರಿ ಪೇಪರ್, ಆಮೇಲೆ ಒಂದು ಹನಿ ಎಣ್ಣೆ, ಅಷ್ಟು ಸಾಕು.

ಸ್ಪ್ರಾಕೆಟ್ಟಿಗೆ ಪೈಪು ಆನಿಸಿ ಸುತ್ತಿಗೆಯಲ್ಲಿ ಹೊಡೆಯುವುದು ಮೊದಲ ದಾರಿ, ಎರಡೂ ಎಲ್ಲರ ಮನೆಯಲ್ಲೂ ಇವೆ. "ಎರಡು ಏಟು ಹಾಕಿದ್ರೆ ಕೂತ್ಕೊಳ್ಳುತ್ತೆ ಸಾರ್" ಎಂದು ಪಕ್ಕದೂರಿನ ಮೇಸ್ತ್ರಿ ಹೇಳಿದ್ದರು. ಕೂರುತ್ತದೆ, ಸುಳ್ಳಲ್ಲ. ಗುಜರಿ ಕ್ರ್ಯಾಂಕಿನ ಮೇಲೆ ಬೇಗನೇ ಕೂತಿತು, ಆದರೆ ಒಂದು ಕಡೆ ವಾಲಿಕೊಂಡೇ ಒಳಗೆ ಹೋಯಿತು. ಬಿಚ್ಚಿ ನೋಡಿದರೆ ಮೂತಿಯ ಮೇಲೆ ಉದ್ದಕ್ಕೆ ಒಂದು ಗೀರು. ಇಂಜಿನ್ನಿನ ಒಳಗಿರುವ ಕ್ರ್ಯಾಂಕಿಗೆ ಹೊಡೆದರೆ ಆ ಏಟೆಲ್ಲ ಹೋಗಿ ಬೀಳುವುದು ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಮೇಲೆ. ಬೈಕುಗಳಲ್ಲಿ ಇನ್ನೂ ಕಷ್ಟ. ಬಹಳಷ್ಟು ಬೈಕುಗಳ ಕ್ರ್ಯಾಂಕ್ ತುಂಡುಗಳನ್ನು ಪ್ರೆಸ್ ಮಾಡಿ ಸೇರಿಸಿದ್ದು, ಹೊಡೆದರೆ ಅದರ ನೇರವೇ ತಪ್ಪಬಹುದು. ಕೆಳಗೆ ಸಂಪ್ (ಇಂಜಿನ್ ಎಣ್ಣೆಯ ತೊಟ್ಟಿ) ತೆರೆದಿದ್ದರೆ ಪೈಪಿನ ಚೂರುಗಳು ಅದರೊಳಗೇ ಬೀಳುತ್ತವೆ. ಈ ದಾರಿಗೆ ನನ್ನ ಮತ ಇಲ್ಲ.

ಬೋಲ್ಟಿನಿಂದ ಎಳೆಯುವುದು ಮರ್ಯಾದಸ್ಥರ ದಾರಿ. ಆದರೆ ಕ್ರ್ಯಾಂಕಿನ ಸ್ವಂತ ಬೋಲ್ಟನ್ನೇ ಹಾಕಿ ಎಳೆಯಬೇಡಿ. ಸ್ಪ್ರಾಕೆಟ್ ಇನ್ನೂ ಹೊರಗಿರುವಾಗ ಆ ಬೋಲ್ಟಿನ ಮೂರ‍್ನಾಲ್ಕು ಸುತ್ತು ಮಾತ್ರ ಒಳಗೆ ಹಿಡಿದಿರುತ್ತದೆ, ಭಾರವೆಲ್ಲ ಅದರ ಮೇಲೆಯೇ. ಅಲ್ಲಿ ಥ್ರೆಡ್ ಕಿತ್ತರೆ ಹೋಗುವುದು ಬೋಲ್ಟಲ್ಲ, ಕ್ರ್ಯಾಂಕ್. ಬದಲಿಗೆ ಅದೇ ಥ್ರೆಡ್ಡಿನ ಉದ್ದನೆಯ ಹೈ ಟೆನ್ಸೈಲ್ ಸ್ಟಡ್ (ತಲೆಯಿಲ್ಲದ ಗಟ್ಟಿ ಬೋಲ್ಟು) ತಂದು ಪೂರ್ತಿ ಒಳಗೆ ತಿರುಗಿಸಿ. ಹೊರಗಿನಿಂದ ದಪ್ಪ ವಾಷರ್, ಅದಕ್ಕೆ ಗ್ರೀಸ್, ಮೇಲೆ ನಟ್ಟು. ಒಂದು ಸ್ಪ್ಯಾನರ್‌ನಲ್ಲಿ ಸ್ಟಡ್ ಹಿಡಿದು ಇನ್ನೊಂದರಲ್ಲಿ ನಟ್ಟನ್ನಷ್ಟೇ ತಿರುಗಿಸಿದರೆ ಸ್ಪ್ರಾಕೆಟ್ ನೇರವಾಗಿ ಸರಿಯುತ್ತಾ ಹೋಗುತ್ತದೆ. ಚೆನ್ನಾಗಿ ಕೂತಿತು. ಎರಡು ತಕರಾರು ಮಾತ್ರ. ತಣ್ಣಗಿರುವ ಲೋಹ ಲೋಹವನ್ನು ಉಜ್ಜುತ್ತಲೇ ಒಳಗೆ ಹೋಗುತ್ತದೆ. ಮತ್ತೆ, ಹಿಂದಿನಿಂದ ಕೀ ಮೇಲೆದ್ದರೆ ನಡುವೆ ಗೊತ್ತೇ ಆಗುವುದಿಲ್ಲ, ಸುಮ್ನೆ ಬಿಗಿ ಜಾಸ್ತಿ ಆಯ್ತು ಅನ್ನಿಸುತ್ತದೆ ಅಷ್ಟೇ.

ಇನ್ನು ಬಿಸಿ. ಎತ್ತಿನ ಗಾಡಿಯ ಚಕ್ರಕ್ಕೆ ಕಮ್ಮಾರರು ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಹಾಕುತ್ತಿದ್ದರಲ್ವಾ, ಅದೇ ಲೆಕ್ಕ ಇಲ್ಲಿಯೂ. 35 ಮಿ.ಮೀ. ತೂತು ಪ್ರತಿ 100 ಡಿಗ್ರಿಗೆ ಹೆಚ್ಚುಕಡಿಮೆ 0.04 ಮಿ.ಮೀ. ಹಿಗ್ಗುತ್ತದೆ. ಕುದಿಯುವ ನೀರು ಸಾಕೇನೋ ಎಂದು ಮೊದಲು ಅದನ್ನೇ ನೋಡಿದೆ. ನಮ್ಮ ಎತ್ತರದಲ್ಲಿ ನೀರು 98 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ, ಹಿಗ್ಗುವುದು 0.03. ಲೆಕ್ಕದಲ್ಲಿ 0.01 ಸಡಿಲ ಸಿಗಬೇಕು. ಪಾತ್ರೆಯಿಂದ ಮೂತಿಗೆ ತರುವಷ್ಟರಲ್ಲಿ ಅದೂ ಕರಗಿತು, ಅರ್ಧಕ್ಕೆ ಸಿಕ್ಕಿಕೊಂಡಿತು, ಪುಲ್ಲರ್ ಹಾಕಿ ತೆಗೆಯಬೇಕಾಯಿತು.

150 ಡಿಗ್ರಿಯ ಎಣ್ಣೆಯಲ್ಲಿ ಕಥೆಯೇ ಬೇರೆ. 0.05 ಹಿಗ್ಗುತ್ತದೆ, 0.03 ಸಡಿಲ. ಹಳೆಯ ಬಾಣಲೆ, ಅಡುಗೆ ಎಣ್ಣೆ, ಹೊರಗೆ ಅಂಗಳದಲ್ಲಿ ಸ್ಟೌ. ಸ್ಪ್ರಾಕೆಟ್ಟನ್ನು ತಂತಿಯಲ್ಲಿ ತೂಗಿಬಿಡಿ, ಬಾಣಲೆಯ ತಳಕ್ಕೆ ತಾಗಬಾರದು. ಅದರಲ್ಲಿ ನೀರಿನ ಪಸೆ ಇರಲೇಬಾರದು, ಎಣ್ಣೆ ಸಿಡಿಯುತ್ತದೆ. ಬಿಸಿಯನ್ನು ಎಣ್ಣೆಗೆ ಅದ್ದುವ ಥರ್ಮಾಮೀಟರಿನಿಂದಲೇ ನೋಡಿ. ದೂರದಿಂದ ಅಳೆಯುವ ಗನ್ ಹೊಳೆಯುವ ಉಕ್ಕಿನ ಮೇಲೆ ಕಡಿಮೆ ತೋರಿಸುತ್ತದೆ. ಕರೆಂಟ್ ಓವನ್ ಕೂಡ ಒಳ್ಳೆಯದೇ, ಆದರೆ ಮಲೆನಾಡಿನ ಮಳೆಗಾಲದ ಕರೆಂಟನ್ನು ನಂಬುವವರು ಯಾರು? ಗ್ಯಾಸ್ ಬೆಂಕಿಯನ್ನು ನೇರವಾಗಿ ಹಿಡಿಯುವುದು ಬೇಡ. ಹಲ್ಲುಗಳು ಮೊದಲು ಕಾಯುತ್ತವೆ, ಉಕ್ಕು ನೀಲಿ ತಿರುಗಿತೆಂದರೆ 300 ಡಿಗ್ರಿಯ ಹತ್ತಿರ ಬಂದಿದೆ, ಹಲ್ಲಿನ ಗಟ್ಟಿತನ ಹೋಯಿತು. ಮೂತಿಗೆ ಐಸ್ ಇಡುವುದರಿಂದ ಸಿಗುವ ಲಾಭ 0.01ರ ಒಳಗೆ, ಮೇಲೆ ನೀರ ಹನಿ ಬೇರೆ.

ಎಣ್ಣೆಯಿಂದ ತೆಗೆದ ಮೇಲೆ ಯೋಚಿಸುವುದಕ್ಕೆ ಹೊತ್ತಿಲ್ಲ. ಸ್ಪ್ರಾಕೆಟ್ಟಿನ ಟೈಮಿಂಗ್ ಗುರುತು ಹೊರಮುಖವಾಗಿದೆಯಾ, ಕೀ ಯಾವ ಕಡೆ, ಇದನ್ನೆಲ್ಲ ತಣ್ಣಗಿರುವಾಗಲೇ ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟುಕೊಳ್ಳಿ. ದಪ್ಪ ಚರ್ಮದ ಗ್ಲೌಸ್ ಹಾಕಿ ಎತ್ತಿ ಇಟ್ಟೆ. 'ಟಕ್' ಅಂತ ಒಂದು ಸಣ್ಣ ಸದ್ದು, ಮೂತಿಯ ಬುಡದಲ್ಲಿರುವ ಭುಜಕ್ಕೆ, ಅಂದರೆ ಸ್ಪ್ರಾಕೆಟ್ ನಿಲ್ಲುವ ಮೆಟ್ಟಿಲಿಗೆ, ಹೋಗಿ ತಾಗಿತು. ಏಟಿಲ್ಲ, ಎಳೆತವಿಲ್ಲ, ಗೀರಿಲ್ಲ.

ಇಲ್ಲೇ ಬೋಲ್ಟಿನವರಿಗೂ ಒಂದು ಪಾಲು ಇದೆ. ಸ್ಪ್ರಾಕೆಟ್ ತಣ್ಣಗಾಗುತ್ತಾ ಉದ್ದದಲ್ಲೂ ಕುಗ್ಗುತ್ತದೆ, ಭುಜದಿಂದ ಕೂದಲೆಳೆಯಷ್ಟು ಹಿಂದೆ ಸರಿಯಬಹುದು. ಹಾಗಾಗಿ ಬಿಸಿ ಇರುವಾಗಲೇ ಅದೇ ಸ್ಟಡ್, ವಾಷರ್ ಹಾಕಿ ನಟ್ಟನ್ನು ಹಗುರವಾಗಿ ಬಿಗಿದು ತಣಿಯಲು ಬಿಟ್ಟೆ. ಆಮೇಲೆ 0.05ರ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಸಂದಿಗೆ ಹೋಗಲಿಲ್ಲ. ಹೋದರೆ ಚೈನ್ ಎರಡು ಸ್ಪ್ರಾಕೆಟ್‌ಗಳ ನಡುವೆ ಓರೆಯಾಗಿ ಓಡುತ್ತದೆ.

ಕ್ರ್ಯಾಂಕ್ ಹೇಗೂ ಹೊರಗೆ ಬಂದಿದ್ದರೆ ಇದ್ಯಾವುದೂ ಬೇಡ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಹೈಡ್ರಾಲಿಕ್ ಪ್ರೆಸ್ ಇರುವ ಅಂಗಡಿ ಹುಡುಕಿ, ಅಲ್ಲೇ ಕೂರಿಸಿಕೊಂಡು ಬನ್ನಿ. ಕೀ ಮಾತ್ರ ನೀವೇ ನಿಂತು ನೋಡಿ.