ಬಿಸಿಲೂ ಬೇಕು, ಬಿಸಿಲಿಗೆ ಸಾಯಲೂ ಬೇಕು: ಕಡಿಮೆ ಕಾಸಿನ ವ್ಯಾಂಪೈರ್ ಕೌಬಾಯ್ ಸಿನಿಮಾಗಳು

ಕೌಬಾಯ್ ಸಿನಿಮಾದ ಬಂಡವಾಳ ಬಿಸಿಲು. ಬೋಳು ಬಂಡೆ, ಧೂಳು, ಟೋಪಿಯ ಅಂಚಿನ ಕೆಳಗೆ ಕಿರಿದಾದ ಕಣ್ಣು. ರಕ್ತಪಿಶಾಚಿ ಸಿನಿಮಾದ ಬಂಡವಾಳ ಕತ್ತಲೆ. ಎರಡನ್ನೂ ಒಂದೇ ರೀಲಿಗೆ ಕಟ್ಟಲು ಹೊರಟ ಬಡ ನಿರ್ಮಾಪಕನ ಎದುರು ಮೊದಲ ದಿನವೇ ಒಂದು ಲೆಕ್ಕ ಬಂದು ಕೂರುತ್ತದೆ. ರಾತ್ರಿ ಶೂಟಿಂಗ್ ಅಂದರೆ ಜನರೇಟರ್, ದೊಡ್ಡ ಲೈಟು, ಕೆಲಸದವರಿಗೆ ಡಬಲ್ ಬೇಟಾ (ದಿನದ ಭತ್ಯೆ). ಹಗಲು ಪುಕ್ಕಟೆ, ಆದರೆ ಹಗಲಲ್ಲಿ ಪಿಶಾಚಿ ಸುಟ್ಟು ಬೂದಿಯಾಗಬೇಕು. ಈ ಜಾತಿಯ ಸಿನಿಮಾ ಗೆದ್ದಿದೆಯೋ ಸೋತಿದೆಯೋ ಅನ್ನುವುದನ್ನು ಈ ಒಂದು ಲೆಕ್ಕ ಬಿಡಿಸಿದ ರೀತಿ ನೋಡಿಯೇ ಹೇಳಿಬಿಡಬಹುದು.

ಕೋಲಾರದಲ್ಲಿ ಅಂತರಗಂಗೆ ಬಂಡೆಗಳ ನಡುವೆ, ಕೆಜಿಎಫ್ ಕಡೆಯ ಬಯಲಲ್ಲಿ ಮೊಬೈಲ್ ಹಿಡಿದು ಕಿರುಚಿತ್ರ ಮಾಡುವವರ ಎದುರಿಗಿರುವುದೂ ಇದೇ ಬಿಸಿಲು, ಇದೇ ಖಾಲಿ ಜೇಬು. ಕೌಬಾಯ್ ಟೋಪಿಯೂ ಈ ಗಡಿ ಸೀಮೆಗೆ ಹೊಸದಲ್ಲ. ಕೃಷ್ಣ ಅವರ ತೆಲುಗು ‘ಮೋಸಗಾಳ್ಳಕು ಮೋಸಗಾಡು’ ಬಂದದ್ದು 1971ರಲ್ಲೇ. ಹಾಗಾಗಿ ಇಲ್ಲಿ ಪ್ರತಿ ಸಿನಿಮಾ ನೋಡಲು ಹೇಗಿದೆ ಅನ್ನುವುದರ ಜೊತೆಗೆ, ಕಲಿಯಲು ಏನಿದೆ ಅನ್ನುವುದನ್ನೂ ಬರೆದಿದೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಬಿಸಿಲು ತಾಗಿದರೆ ಪಿಶಾಚಿ ಸಾಯುತ್ತದೆ ಅನ್ನುವುದು ಹಳೆಯ ನಂಬಿಕೆಯೇನಲ್ಲ, ಸಿನಿಮಾದವರು ಹುಟ್ಟಿಸಿದ್ದು. 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ಅವನು ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಮಾತ್ರ ಕುಂದಿರುತ್ತದೆ. ಬೆಳಗಿನ ಬೆಳಕಿಗೆ ಅವನನ್ನು ಕರಗಿಸಿದ್ದು 1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’. ಇನ್ನೊಂದು ಸ್ವಾರಸ್ಯ: ಆ ಕಾದಂಬರಿಯ ಕೊನೆಯಲ್ಲಿ ಡ್ರಾಕುಲಾನ ಎದೆಗೆ ಚಾಕು ಇಳಿಸುವವನು ಕ್ವಿನ್ಸಿ ಮಾರಿಸ್ ಎಂಬ ಟೆಕ್ಸಾಸಿನವನು. ಕೌಬಾಯ್ ನಾಡಿನವನು ಮೂಲ ಕಥೆಯಲ್ಲೇ ಇದ್ದ.

1959ರ ‘ಕರ್ಸ್ ಆಫ್ ದಿ ಅನ್‌ಡೆಡ್’ ಈ ಬೆರಕೆಯ ಮೊದಲ ಮುಖ್ಯ ಸಿನಿಮಾ. ಕಪ್ಪು ಬಿಳುಪು, ಒಂದೂಕಾಲು ಗಂಟೆ ಚಿಲ್ಲರೆ, ನಿರ್ದೇಶನ ಎಡ್ವರ್ಡ್ ಡೀನ್. ಮೈಕಲ್ ಪೇಟ್ ಕಪ್ಪು ಬಟ್ಟೆಯ ಬಾಡಿಗೆ ಬಂದೂಕುಗಾರ. ಅವನು ಯಾವ ಪಂದ್ಯದಲ್ಲೂ ಸೋಲದಿರುವುದಕ್ಕೆ ಕಾರಣ ಕೈಚಳಕವಲ್ಲ, ಗುಂಡು ತಾಗಿದರೂ ಅವನಿಗೆ ಏನೂ ಆಗುವುದಿಲ್ಲ. ಕೌಬಾಯ್ ಸಿನಿಮಾದ ನಡುಬೀದಿಯ ಗುಂಡಿನ ಕಾಳಗವನ್ನು ಪಿಶಾಚಿಯ ಕಥೆಗೆ ಹೊಲಿದ ಹೊಲಿಗೆ ಇದು, ಇವತ್ತಿಗೂ ಬಿಚ್ಚಿಕೊಂಡಿಲ್ಲ. ಬಿಸಿಲಿನ ಲೆಕ್ಕವನ್ನು ಇವರು ಸರಳವಾಗಿ ಬಗೆಹರಿಸಿದರು: ಹಗಲು ಇವನನ್ನು ಕೊಲ್ಲುವುದಿಲ್ಲ. ಸ್ಪೇನಿನ ಮೂಲದ, ತಮ್ಮನನ್ನು ಕೊಂದು ತಾನೂ ಸತ್ತ ಪಾಪಿಯ ಆತ್ಮ ಅಂತ ಬೇರೆಯದೇ ಹಿನ್ನೆಲೆ ಕೊಟ್ಟು, ನಿಯಮ ಬದಲಿಸಿದ್ದಕ್ಕೆ ಕಾರಣವನ್ನೂ ಇಟ್ಟಿದ್ದಾರೆ. ಕೊನೆಯಲ್ಲಿ ಪಾದ್ರಿ ಮುಳ್ಳಿನ ಕಟ್ಟಿಗೆಯ ಪುಟ್ಟ ಶಿಲುಬೆಯನ್ನು ಗುಂಡಿಗೆ ಸಿಕ್ಕಿಸಿ ಹೊಡೆಯುತ್ತಾನೆ. ಪಿಶಾಚಿ ಇಲ್ಲವಾಗಿ ಬಟ್ಟೆ ಮಾತ್ರ ನೆಲದ ಮೇಲೆ ಉಳಿಯುತ್ತದೆ. ಆ ಶಾಟಿಗೆ ಬೇಕಾದದ್ದು ಅಲುಗಾಡದ ಕ್ಯಾಮೆರಾ, ಒಂದು ಜೊತೆ ಬಟ್ಟೆ, ನಡುವೆ ಒಂದು ಡಿಸಾಲ್ವ್, ಅಂದರೆ ಒಂದು ಚಿತ್ರ ಕರಗಿ ಇನ್ನೊಂದಾಗುವುದು. ನಿಧಾನದ ಸಿನಿಮಾ, ನಡುವೆ ಮಾತು ಜಾಸ್ತಿ. ಆದರೂ ಮೊದಲು ನೋಡಬೇಕಾದದ್ದು ಇದೇ.

1966ರ ‘ಬಿಲ್ಲಿ ದಿ ಕಿಡ್ ವರ್ಸಸ್ ಡ್ರಾಕುಲಾ’ ಕಲಿಯಲಿಕ್ಕೆ ಮಾತ್ರ. ಬಿಲ್ಲಿ ದಿ ಕಿಡ್ ಅಂದರೆ ಕೌಬಾಯ್ ಕಾಲದ ಅಮೆರಿಕದ ಹೆಸರಾಂತ ಬಂದೂಕುಗಾರ. ನಿರ್ದೇಶಕ ವಿಲಿಯಂ ಬೋಡಿನ್ ಎಂಟು ದಿನದಲ್ಲಿ ಮುಗಿಸಿದರು, ಅದು ಪ್ರತಿ ಶಾಟಿನಲ್ಲೂ ಕಾಣುತ್ತದೆ. ಜಾನ್ ಕ್ಯಾರಡೀನ್ 1944 ಮತ್ತು 45ರಲ್ಲೇ ಡ್ರಾಕುಲಾ ಆಗಿದ್ದ ನಟ. ಇಲ್ಲಿ ಕಣ್ಣರಳಿಸಿ ನಿಂತಾಗ ಮುಖಕ್ಕೆ ಕೆಂಪು ಲೈಟು ಬಿಡುತ್ತಾರೆ, ಅದೇ ವಶೀಕರಣ. ಬಾವಲಿ ತಂತಿಯ ಮೇಲೆ ತೂಗಾಡುತ್ತದೆ. ಗುಂಡಿಗೆ ಜಗ್ಗದ ಪಿಶಾಚಿ ಕೊನೆಗೆ ಬಿಲ್ಲಿ ಬೀಸಿ ಎಸೆದ ಖಾಲಿ ಪಿಸ್ತೂಲು ತಲೆಗೆ ಬಡಿದು ಉರುಳಿಬೀಳುತ್ತಾನೆ. ಇಷ್ಟನ್ನೂ ಕ್ಷಮಿಸಬಹುದು. ಕ್ಷಮಿಸಲಾಗದ್ದು ರಾತ್ರಿಯ ದೃಶ್ಯಗಳು. ಬಣ್ಣದ ಸಿನಿಮಾ, ನೀಲಿ ಆಕಾಶ, ನೆಲದ ಮೇಲೆ ಚೂಪು ನೆರಳು. ಪಾತ್ರಗಳು ಮಾತ್ರ ರಾತ್ರಿ ಅನ್ನುತ್ತವೆ. ಭಯ ಹುಟ್ಟುವುದಾದರೂ ಎಲ್ಲಿಂದ?

ಹಗಲಲ್ಲಿ ರಾತ್ರಿ ತೆಗೆಯುವುದು ತಪ್ಪಲ್ಲ, ಹಳೆಯ ವಿದ್ಯೆ. ಕೆಡುವುದು ಮೂರು ಕಡೆ. ಮೊದಲನೆಯದು ಆಕಾಶ: ಚೌಕಟ್ಟಿನಲ್ಲಿ ಆಕಾಶ ಬಂದರೆ ಕೆಲಸ ಕೆಟ್ಟಂತೆ. ಕ್ಯಾಮೆರಾ ಎತ್ತರದಲ್ಲಿಟ್ಟು ಕೆಳಕ್ಕೆ ತಿರುಗಿಸಿ, ಹಿನ್ನೆಲೆಗೆ ಬಂಡೆ ಬರುವಂತೆ ನೋಡಿಕೊಳ್ಳಬೇಕು. ಅಂತರಗಂಗೆಯ ಮೆಟ್ಟಿಲ ಮೇಲಿಂದ ಇದು ಸಲೀಸು. ಎರಡನೆಯದು ಹೊತ್ತು. ಕೋಲಾರ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ನಡುವಿನಲ್ಲೂ ಮಟಮಟ ಮಧ್ಯಾಹ್ನ ನೆರಳು ಕಾಲಡಿಗೇ ಬೀಳುತ್ತದೆ, ಟೋಪಿ ಹಾಕಿದವನ ಮುಖ ಪೂರಾ ಕಪ್ಪಾಗುತ್ತದೆ. ಬೆಳಿಗ್ಗೆ ಎಂಟೂವರೆಯ ಒಳಗೆ ಅಥವಾ ಸಂಜೆ ನಾಲ್ಕೂವರೆ ಮೇಲೆ, ಸೂರ್ಯ ನಟನ ಬೆನ್ನ ಹಿಂದಿರುವಂತೆ ನಿಲ್ಲಿಸಿದರೆ ಭುಜದ ಅಂಚಿಗೆ ಬೆಳದಿಂಗಳಂಥ ಗೆರೆ ಬರುತ್ತದೆ. ಮೂರನೆಯದು ಕ್ಯಾಮೆರಾದ ಆಟೊ ಮೋಡ್. ಎಕ್ಸ್‌ಪೋಷರ್ ಎರಡು ಸ್ಟಾಪ್ (ಅಂದರೆ ಬೆಳಕು ಕಾಲು ಭಾಗಕ್ಕೆ) ಇಳಿಸಿ ಲಾಕ್ ಮಾಡಬೇಕು, ಚಿತ್ರ ನೀಲಿಗೆ ತಿರುಗುವಂತೆ ವೈಟ್ ಬ್ಯಾಲೆನ್ಸ್ 3200 ಕೆಲ್ವಿನ್‌ಗೆ ಇಡಬೇಕು. ಆಟೊದಲ್ಲಿ ಬಿಟ್ಟರೆ ಮೊಬೈಲು ತಾನೇ ಬೆಳಕು ಏರಿಸಿಕೊಂಡು ಎಲ್ಲ ಹಾಳು ಮಾಡುತ್ತದೆ. ಉರಿಯುವ ಲಾಂದ್ರ, ಬೆಳಗಿದ ಕಿಟಕಿ ಇಂಥ ಶಾಟಿನಲ್ಲಿ ಬೇಡ. ಬಿಸಿಲಿನ ಮುಂದೆ ಅವು ಸತ್ತ ದೀಪದಂತೆ ಕಾಣುತ್ತವೆ.

ಈಗ ಈ ಪೈಕಿ ನಿಜವಾದ ದೊಡ್ಡ ಕೆಲಸಕ್ಕೆ ಬರೋಣ. ‘ನಿಯರ್ ಡಾರ್ಕ್’, 1987, ನಿರ್ದೇಶನ ಕ್ಯಾಥರಿನ್ ಬಿಗಲೋ. ಖರ್ಚು ಸುಮಾರು 50 ಲಕ್ಷ ಡಾಲರ್, ಹಾಲಿವುಡ್ ಲೆಕ್ಕದಲ್ಲಿ ಪುಡಿಗಾಸು. ಥಿಯೇಟರಿನಲ್ಲಿ ಅದೂ ವಾಪಸ್ ಬರಲಿಲ್ಲ. ಕೌಬಾಯ್ ಸಿನಿಮಾಗೆ ಕಾಸು ಹಾಕುವವರು ಸಿಗದ ಕಾಲದಲ್ಲಿ ಬಿಗಲೋ ಮತ್ತು ಎರಿಕ್ ರೆಡ್ ಅದಕ್ಕೆ ಪಿಶಾಚಿಯನ್ನು ಬೆರೆಸಿ ಬರೆದ ಚಿತ್ರಕಥೆ ಇದು. ಸಿನಿಮಾ ಪೂರ್ತಿ ಹುಡುಕಿದರೂ ‘ವ್ಯಾಂಪೈರ್’ ಅನ್ನುವ ಪದವಿಲ್ಲ, ಕೋರೆಹಲ್ಲಿಲ್ಲ, ಬಾವಲಿಯಿಲ್ಲ. ಊರೂರು ಅಲೆಯುವ ಒಂದು ಕೊಳಕು ಕುಟುಂಬ, ಕದ್ದ ಗಾಡಿಗಳು, ಗಾಜಿಗೆ ಅಂಟಿಸಿದ ಅಲ್ಯೂಮಿನಿಯಂ ಫಾಯಿಲ್. ಹೆಚ್ಚಿನ ಕಡೆ ಕುದುರೆಯ ಜಾಗಕ್ಕೆ ವ್ಯಾನ್ ಬಂದಿದೆ, ಬೂಟಿನ ಸ್ಪರ್ (ಕುದುರೆಯನ್ನು ತಿವಿಯುವ ಹಿಮ್ಮಡಿಯ ಮುಳ್ಳು) ಉಳಿದಿದೆ. ಆ ಸ್ಪರ್ ಒಂದು ಬಾರಿನ ದೃಶ್ಯದಲ್ಲಿ ಮಾಡುವ ಕೆಲಸವನ್ನು ಮಕ್ಕಳ ಮುಂದೆ ನೋಡುವ ಹಾಗಿಲ್ಲ.

ಇಲ್ಲಿ ಬಿಸಿಲು ತಪ್ಪಿಸಿಕೊಳ್ಳಬೇಕಾದ ತೊಂದರೆಯಾಗಿ ಉಳಿದಿಲ್ಲ, ಅದೇ ಶತ್ರು. ಮೋಟೆಲಿನ ಕೋಣೆಯ ದೃಶ್ಯ ನೋಡಿ. ಹಗಲು ಹೊತ್ತು, ಹೊರಗೆ ಪೊಲೀಸರು, ಒಳಗೆ ಕಿಟಕಿ ಮುಚ್ಚಿಕೊಂಡ ಪಿಶಾಚಿಗಳು. ಗುಂಡು ಹಾರುತ್ತದೆ. ಗುಂಡಿಗೆ ಅವರು ಹೆದರುವವರಲ್ಲ; ಆದರೆ ಒಂದೊಂದು ಗುಂಡೂ ಗೋಡೆಯಲ್ಲಿ ತೂತು ಮಾಡುತ್ತದೆ, ಒಂದೊಂದು ತೂತಿನಿಂದಲೂ ಬಿಸಿಲಿನ ಕೋಲು ಒಳಗೆ ಚಾಚುತ್ತದೆ. ಕೋಣೆ ತುಂಬ ಬೆಳಕಿನ ಸರಳುಗಳು, ಅವುಗಳ ನಡುವೆ ಮೈ ಬಾಗಿಸಿ ನುಸುಳುವ ಜನ. ಕೊನೆಗೆ ಆ ಕುಟುಂಬಕ್ಕೆ ಹೊಸದಾಗಿ ಸೇರಿದ ಹುಡುಗ ಕಂಬಳಿ ಹೊದ್ದು ಬಿಸಿಲಿಗೆ ಹಾರಿ, ಹೊಗೆಯಾಡುತ್ತಲೇ ವ್ಯಾನ್ ತರುತ್ತಾನೆ. ಕೌಬಾಯ್ ಸಿನಿಮಾದ ಗುಂಡಿನ ಕಾಳಗ, ಪಿಶಾಚಿಯ ನಿಯಮ, ಎರಡೂ ಒಂದೇ ತೂತಿನೊಳಗೆ ಕೂಡಿಕೊಂಡಿವೆ. ಈ ಬೆರಕೆಯಲ್ಲಿ ಇದನ್ನು ಮೀರಿಸಿದ ದೃಶ್ಯ ಇನ್ನೊಂದಿಲ್ಲ.

ಇದರ ಸಣ್ಣ ರೂಪವನ್ನು ಮಾಳಿಗೆ ಮನೆಯ ಒಂದು ಕೋಣೆಯಲ್ಲೂ ಮಾಡಬಹುದು. ಕಿಟಕಿಯ ಅಳತೆಗೆ 6 ಮಿ.ಮೀ. ಪ್ಲೈವುಡ್ ಕೂರಿಸಿ, 12 ಮಿ.ಮೀ. ಬಿಟ್‌ನಿಂದ ಎಂಟು ಹತ್ತು ತೂತು ಕೊರೆದು, ಪ್ರತಿಯೊಂದಕ್ಕೂ ದಾರ ಕಟ್ಟಿದ ಬಿರಡೆ ಹಾಕಬೇಕು. ದಾರವನ್ನು ಹೊರಗಿನಿಂದ ಎಳೆದರೆ ಗುಂಡು ಬಿದ್ದ ಹಾಗೆ ಬೆಳಕು ಚಿಮ್ಮುತ್ತದೆ. ಹೊರಗೆ 2 ಅಡಿಗೆ 3 ಅಡಿಯ ಕನ್ನಡಿಯಿಂದ ಬಿಸಿಲನ್ನು ಹಲಗೆಗೆ ತಿರುಗಿಸಿ. ಇಲ್ಲೇ ಹೆಚ್ಚಿನವರು ಎಡವುವುದು: ಸೂರ್ಯ 4 ನಿಮಿಷಕ್ಕೆ 1 ಡಿಗ್ರಿ ಸರಿಯುತ್ತದೆ, ಅಂದರೆ 3 ಮೀಟರ್ ದೂರದ ಗೋಡೆಯ ಮೇಲೆ ಚುಕ್ಕೆ ಸುಮಾರು 5 ಸೆಂ.ಮೀ. ಜರುಗಿರುತ್ತದೆ. ಪ್ರತಿ ಟೇಕಿಗೆ ಮುಂಚೆ ಕನ್ನಡಿ ಸರಿಪಡಿಸಲು ಒಬ್ಬ ಅಲ್ಲೇ ನಿಂತಿರಬೇಕು, ಇಲ್ಲದಿದ್ದರೆ ಒಂದು ಶಾಟಿಗೂ ಮುಂದಿನದಕ್ಕೂ ಹೊಂದುವುದಿಲ್ಲ. ತೂತು ದೊಡ್ಡದು ಮಾಡಬೇಡಿ, 12 ಮಿ.ಮೀ. ತೂತಿನ ಬೆಳಕೇ 3 ಮೀಟರಿಗೆ 4 ಸೆಂ.ಮೀ. ಅಗಲವಾಗಿರುತ್ತದೆ.

ಗಾಳಿಯಲ್ಲಿ ಹೊಗೆಯಿಲ್ಲದೆ ಬೆಳಕಿನ ಕೋಲು ಕಾಣದು. ಸಾಂಬ್ರಾಣಿ ಸಾಕು. ಫ್ಯಾನ್ ಆರಿಸಿ, ಹೊಗೆ ಹಾಕಿ, ಎರಡು ನಿಮಿಷ ಹರಡಲು ಬಿಟ್ಟು ಶಾಟ್ ತೆಗೆಯಬೇಕು. ಆತುರಪಟ್ಟರೆ ಹೊಗೆಯ ಸುರುಳಿಯೇ ಕಾಣುತ್ತದೆ, ಜಾಸ್ತಿಯಾದರೆ ಕೋಲುಗಳು ಕರಗಿ ಇಡೀ ಕೋಣೆ ಬಿಳಚಿಕೊಳ್ಳುತ್ತದೆ. ಕೆಂಡವನ್ನು ಮುಚ್ಚಿದ ಕೋಣೆಯಲ್ಲಿ ಬಿಟ್ಟು ಕೂರಬೇಡಿ, ಅದರ ಅನಿಲ ಪ್ರಾಣ ತೆಗೆಯುತ್ತದೆ. ಹೊಗೆ ತುಂಬಿದ ಕೂಡಲೇ ಹೊರಗಿಟ್ಟು, ಟೇಕ್ ಮುಗಿದ ಮೇಲೆ ಬಾಗಿಲು ತೆರೆಯಿರಿ.

ಕೃತಕ ರಕ್ತದ ಮಾತೂ ಇಲ್ಲೇ ಬರಲಿ. ಕುಂಕುಮ ಕಲಸಿದ ನೀರು ಬೇಡ, ಪುಡಿ ತಳಕ್ಕೆ ಕೂರುತ್ತದೆ, ಕಣ್ಣಿಗೆ ಬಿದ್ದರೆ ಉರಿ. ಬೇಕರಿ ಸಾಮಾನಿನ ಅಂಗಡಿಯ ಲಿಕ್ವಿಡ್ ಗ್ಲೂಕೋಸ್ 1 ಬಟ್ಟಲು, ನೀರು ಕಾಲು ಬಟ್ಟಲು, ತಿನ್ನುವ ಕೆಂಪು ಬಣ್ಣ 1 ಚಮಚ, ಕೋಕೋ ಪುಡಿ ಕಾಲು ಚಮಚ. ಕೋಕೋ ಬಿಟ್ಟರೆ ನಮ್ಮ ಬಿಸಿಲಲ್ಲಿ ಅದು ಗುಲಾಬಿ ಶರಬತ್ತಿನಂತೆ ಕಾಣುತ್ತದೆ. ಬಂಡೆಯ ಮೇಲೆ ಚೆಲ್ಲಿದ್ದನ್ನು ಅರ್ಧ ಗಂಟೆಯೊಳಗೆ ತೊಳೆಯದಿದ್ದರೆ ಇರುವೆ ಮುತ್ತಿಕೊಳ್ಳುತ್ತವೆ. ಬಿಳಿ ಅಂಗಿಯಾದರೆ ಒಂದೇ ಟೇಕ್ ಅಂತ ತಿಳಿದುಕೊಳ್ಳಿ, ಕಲೆ ಹೋಗುವುದಿಲ್ಲ.

1989ರ ‘ಸನ್‌ಡೌನ್: ದಿ ವ್ಯಾಂಪೈರ್ ಇನ್ ರಿಟ್ರೀಟ್’ ಬೇರೆಯೇ ದಾರಿ ಹಿಡಿದಿದೆ. ಆಂಟನಿ ಹಿಕಾಕ್ಸ್ ಇದನ್ನು ತೆಗೆದದ್ದು ಯೂಟಾದ ಮೋಆಬ್ ಸುತ್ತಿನ ಕೆಂಪು ಬಂಡೆಗಳಲ್ಲಿ. ಪಿಶಾಚಿಗಳು ಸನ್‌ಸ್ಕ್ರೀನ್ ಹಚ್ಚಿಕೊಂಡು, ಕೈಗವಸು, ಟೋಪಿ, ಕಪ್ಪು ಕನ್ನಡಕ ಹಾಕಿ ಹಗಲಲ್ಲೇ ಊರು ನಡೆಸುತ್ತಾರೆ, ಕೃತಕ ರಕ್ತ ಕುಡಿದು ಬದುಕುತ್ತಾರೆ. ಒಂದು ಡಬ್ಬಿ ಸನ್‌ಸ್ಕ್ರೀನಿನಿಂದ ರಾತ್ರಿ ಶೂಟಿಂಗಿನ ಖರ್ಚು ಎಷ್ಟೋ ಉಳಿಯಿತು, ಕಥೆಯೂ ಹುಟ್ಟಿತು. ಗುಂಡು ಕೂಡ ಮರದ್ದು. ಹಿರಿಯ ಪಿಶಾಚಿಯಾಗಿ ಡೇವಿಡ್ ಕ್ಯಾರಡೀನ್, 1966ರ ಡ್ರಾಕುಲಾ ಜಾನ್ ಅವರ ಮಗ. ತಂದೆಯ ಸಿನಿಮಾ ಸೋತ ಲೆಕ್ಕವನ್ನು ಮಗನ ಸಿನಿಮಾ ಬಿಡಿಸಿದ್ದು ನೋಡಿದರೆ ಮನಸ್ಸು ತುಂಬುತ್ತದೆ. ಪಾತ್ರಗಳು ಅತಿಯಾಗಿವೆ, ನಡುವೆ ಇಪ್ಪತ್ತು ನಿಮಿಷ ಕತ್ತರಿಸಬಹುದಿತ್ತು. ಮನೆಮಂದಿಯ ಜೊತೆ ನೋಡುವುದಾದರೆ ಈ ಪೈಕಿ ಇದೇ ಹೆಚ್ಚು ಹಗುರ.

‘ಫ್ರಮ್ ಡಸ್ಕ್ ಟಿಲ್ ಡಾನ್’ ಸರಣಿಯ ಮೂರನೆಯ ಭಾಗ, ‘ದಿ ಹ್ಯಾಂಗ್‌ಮನ್ಸ್ ಡಾಟರ್’, ನೇರ ವಿಡಿಯೊಗೆ ಬಂದದ್ದು. ಮೆಕ್ಸಿಕೊದ ಕಥೆ, ಶೂಟಿಂಗ್ ದಕ್ಷಿಣ ಆಫ್ರಿಕಾದಲ್ಲಿ. ಮೊದಲರ್ಧ ಚೆನ್ನಾದ ಕೌಬಾಯ್ ಸಿನಿಮಾ, ಆಮೇಲೆ ಬರೀ ಕಿರುಚಾಟ. 2007ರ ‘ಬ್ಲಡ್‌ರೇನ್ 2’ರಲ್ಲಿ ಬಿಲ್ಲಿ ದಿ ಕಿಡ್ಡನೇ ಪಿಶಾಚಿ, ಬಿಟ್ಟರೆ ನಷ್ಟವಿಲ್ಲ.

2014ರ ‘ಎ ಗರ್ಲ್ ವಾಕ್ಸ್ ಹೋಮ್ ಅಲೋನ್ ಅಟ್ ನೈಟ್’ ಬಿಡಬಾರದ್ದು. ಅನಾ ಲಿಲಿ ಅಮಿರ್‌ಪೂರ್ ನಿರ್ದೇಶನ, ಮಾತು ಪರ್ಷಿಯನ್, ಕಥೆ ಇರಾನಿನ ಒಂದು ಕಲ್ಪಿತ ಊರಿನದು, ಶೂಟಿಂಗ್ ಕ್ಯಾಲಿಫೋರ್ನಿಯಾದ ಟಾಫ್ಟ್ ಎಂಬ ತೈಲದ ಊರಿನಲ್ಲಿ. ಸಬ್‌ಟೈಟಲ್ ಬೇಕೇ ಬೇಕು. ಪಿಶಾಚಿ ಹುಡುಗಿಯ ಕಪ್ಪು ಚಾದರವೇ ಡ್ರಾಕುಲಾನ ನಿಲುವಂಗಿ, ಸ್ಕೇಟ್‌ಬೋರ್ಡೇ ಕುದುರೆ. ಬೀದಿಯ ಎರಡು ತುದಿಯಲ್ಲಿ ಇಬ್ಬರು ನಿಂತು ಒಬ್ಬರನ್ನೊಬ್ಬರು ನೋಡುವುದೇ ಇಲ್ಲಿಯ ಗುಂಡಿನ ಕಾಳಗ. ಕಪ್ಪು ಬಿಳುಪಾದ್ದರಿಂದ ರಾತ್ರಿಗೆ ಬೀದಿದೀಪವೇ ಸಾಲುತ್ತದೆ, ರಕ್ತದ ಬಣ್ಣದ ಚಿಂತೆಯೂ ಇಲ್ಲ. ಕುದುರೆಯನ್ನು ಬಹುಮಟ್ಟಿಗೆ ಬಿಟ್ಟ ಈ ಸಿನಿಮಾ ಮತ್ತು ‘ನಿಯರ್ ಡಾರ್ಕ್’ ಎರಡೇ ಪೂರ್ತಿ ಗೆದ್ದಿವೆ ಅನ್ನುವುದನ್ನು ಗಮನಿಸಬೇಕು. ನಮ್ಮಲ್ಲಿ ಸಿನಿಮಾಗೆ ಕುದುರೆ ಬಳಸಲು ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ಪಡೆಯಬೇಕು, ಬಾಡಿಗೆ ಬೇರೆ. ಟಿವಿಎಸ್ ಎಕ್ಸೆಲ್ ಸಾಕು. ಹೊಸಿಲ ನಿಯಮಕ್ಕೂ ಖರ್ಚಿಲ್ಲ: ಕರೆಯದೆ ಪಿಶಾಚಿ ಒಳಗೆ ಬರುವಂತಿಲ್ಲ ಅನ್ನುವುದನ್ನು ‘ನಾಳೆ ಬಾ’ ಅಂತ ಬಾಗಿಲ ಮೇಲೆ ಬರೆದ ಊರಿನವರಿಗೆ ವಿವರಿಸಬೇಕಾಗಿಲ್ಲ.

ಟಾಫ್ಟ್‌ನ ತೈಲದ ಪಂಪುಗಳು ಆ ಸಿನಿಮಾದಲ್ಲಿ ಮಾಡಿದ ಕೆಲಸವನ್ನು ಇಲ್ಲಿ 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಗಳ ಕಬ್ಬಿಣದ ಗೋಪುರಗಳು ಮಾಡಬಲ್ಲವು. ಗಣಿಯ ಆವರಣಕ್ಕೆ ಅನುಮತಿ ಇಲ್ಲದೆ ಕಾಲಿಡಬೇಡಿ, ರಸ್ತೆಯಿಂದಲೇ ಉದ್ದ ಲೆನ್ಸ್‌ನಲ್ಲಿ ಹಿಡಿಯಬಹುದು. ಸೈನೈಡ್ ದಿಬ್ಬದ ಬೂದು ಪುಡಿ ಚಿನ್ನ ತೆಗೆದು ಬಿಟ್ಟ ಅದಿರಿನದು. ಕ್ಯಾಮೆರಾಗೆ ಅದು ಮರುಭೂಮಿ, ಎದೆಗೆ ವಿಷ. ಹತ್ತಿರ ಹೋಗಲೇಬೇಕಾದರೆ ಮುಖಕ್ಕೆ ಮಾಸ್ಕ್ ಇರಲಿ, ನಟನನ್ನು ಪುಡಿಯಲ್ಲಿ ಉರುಳಾಡಿಸಬೇಡಿ, ಗಾಳಿ ಏಳುವ ಮೊದಲೇ ಅಲ್ಲಿಂದ ಹೊರಟುಬಿಡಿ.